ಪಿಜಿಗೆ (ಸ್ನಾತಕೋತ್ತರ ಓದಿಗೆ) ಅರ್ಜಿ ಹಾಕುವವರು ಈಗಲೇ ಆರ್‌ಡಿ ನಂಬರ್ ನೋಡಿಕೊಳ್ಳಿ

ಡಿಗ್ರಿ ಕೊನೆ ಸೆಮಿಸ್ಟರ್‌ನಲ್ಲಿರುವ ಮಂಡ್ಯ, ಮೈಸೂರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಎಂಬಿಎ, ಎಂಸಿಎ ಸರ್ಕಾರಿ ಕೋಟಾದ ಸೀಟು ಬೇಕಂದ್ರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು. ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಎಂಎ, ಎಂಎಸ್ಸಿ ಓದೋದಾದರೆ ಆ ವಿಶ್ವವಿದ್ಯಾಲಯಕ್ಕೇ ಅರ್ಜಿ. ಎರಡೂ ಬೇರೆ ಬೇರೆ ದಾರಿ. ಒಂದಕ್ಕೆ ಹಾಕಿದರೆ ಇನ್ನೊಂದಕ್ಕೂ ಆಯ್ತು ಅಂತ ಸುಮ್ನೆ ಕೂರಬೇಡಿ.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳೋದು ಜಾತಿ, ಆದಾಯ ಪ್ರಮಾಣಪತ್ರದಲ್ಲಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಅರ್ಜಿಯಲ್ಲಿ ಅದನ್ನೇ ತುಂಬಬೇಕು. ಆ ಪತ್ರದಲ್ಲಿ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಅಂಕಪಟ್ಟಿಯಲ್ಲಿ 'ಕೆ.ಎನ್.' ಇನಿಷಿಯಲ್ ಇದ್ದು ಪತ್ರದಲ್ಲಿ ಇಲ್ಲದಿದ್ದರೂ ತಕರಾರು ಬರಬಹುದು. 2ಎ, 3ಎ ಥರದ ಹಿಂದುಳಿದ ವರ್ಗದವರ ಪತ್ರಕ್ಕೆ 5 ವರ್ಷ ಮಾತ್ರ ಅವಧಿ. ಪಿಯುಸಿ ಸೇರುವಾಗ ಮಾಡಿಸಿದ್ದು ಈಗ ಮುಗಿಯುವ ಹೊತ್ತು, ಅಲ್ವಾ? ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಕೊಟ್ಟುಬಿಡಿ. ಜೂನ್, ಜುಲೈ ಬಂದರೆ ಅಲ್ಲಿ ಕಾಲಿಡಲೂ ಜಾಗ ಇರಲ್ಲ.

ಬೇರೆ ವಿಶ್ವವಿದ್ಯಾಲಯದಲ್ಲಿ ಡಿಗ್ರಿ ಮಾಡಿ ಮೈಸೂರು ವಿಶ್ವವಿದ್ಯಾಲಯಕ್ಕೆ ಬರುವವರು ಮೈಗ್ರೇಷನ್ ಸರ್ಟಿಫಿಕೇಟ್‌ಗೆ ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಿ. ಇದು ಟಿಸಿ ಅಲ್ಲ. ಟಿಸಿ ಕೊಡೋದು ಕಾಲೇಜು, ಇದನ್ನು ಕೊಡೋದು ವಿಶ್ವವಿದ್ಯಾಲಯ.

ಎಲ್ಲಾ ಸೆಮಿಸ್ಟರ್‌ಗಳ ಅಂಕಪಟ್ಟಿ ಸ್ಕ್ಯಾನ್ ಮಾಡಿ ಮೊಬೈಲಲ್ಲಿ ಇಟ್ಟುಕೊಳ್ಳಿ. ದಾಖಲೆ ಪರಿಶೀಲನೆಗೆ ಹೋಗುವಾಗ ಮಾತ್ರ ಮೂಲ ಪ್ರತಿಗಳೇ ಕೈಯಲ್ಲಿರಲಿ. ಪತ್ರದಲ್ಲಿ ಏನಾದರೂ ಗೊಂದಲ ಇದ್ದರೆ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.