ಹಿತ್ತಲಿಗೆ ಮೊದಲ ಕೋಳಿ: ಬಣ್ಣಕ್ಕಿಂತ ಮೊದಲು ಜುಟ್ಟು ನೋಡಿ

ನಾನು ಮೊದಲ ಸಲ ತಂದಿದ್ದು ಆರು ಕೋಳಿ. ಅದರಲ್ಲಿ ನಾಲ್ಕು ತಳಿ. ಎರಡು ಬಿಳಿ ಲೆಗ್‌ಹಾರ್ನ್, ಎರಡು ರೋಡ್ ಐಲ್ಯಾಂಡ್ ರೆಡ್, ಒಂದು ಬ್ರಹ್ಮ, ಒಂದು ಸಿಲ್ಕಿ. ಚೆಂದ ಕಂಡಿದ್ದನ್ನೆಲ್ಲ ಎತ್ತಿಕೊಂಡು ಬಂದಿದ್ದೆ. ಬ್ರಹ್ಮದ ಕಾಲಿನ ತುಂಬ ಪುಕ್ಕ ಇತ್ತು, ಸಿಲ್ಕಿ ಹತ್ತಿಯ ಉಂಡೆಯ ಹಾಗಿತ್ತು. ಇನ್ನೇನು ಬೇಕು ಅನಿಸಿತ್ತು.

ಆಮೇಲೆ ಬೇಸಿಗೆ ಬಂತು. ಒಂದು ಮಧ್ಯಾಹ್ನ ನೋಡಿದರೆ ಬ್ರಹ್ಮ ಗೋಡೆಯ ನೆರಳಿನಲ್ಲಿ ನಿಂತಿದೆ. ಕೊಕ್ಕು ತೆರೆದಿದೆ, ರೆಕ್ಕೆ ಎರಡನ್ನೂ ಮೈಗೆ ತಾಗದ ಹಾಗೆ ಅಗಲಿಸಿದೆ, ಗಂಟಲು ಪಟಪಟ ಬಡಿದುಕೊಳ್ಳುತ್ತಿದೆ. ಅದೇ ಹೊತ್ತಿಗೆ ಲೆಗ್‌ಹಾರ್ನ್ ಎರಡೂ ಆರಾಮಾಗಿ ಮಣ್ಣು ಕೆದಕುತ್ತಿದ್ದವು. ಬ್ರಹ್ಮವನ್ನು ಎತ್ತಿ, ಕಾಲು ಮುಳುಗುವಷ್ಟು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿದೆ. ಸಂಜೆ ಹೊತ್ತಿಗೆ ಚೇತರಿಸಿಕೊಂಡಿತು. ಅದೇ ಹಿತ್ತಲು, ಅದೇ ನೆರಳು, ಅದೇ ನೀರು. ತಳಿ ಮಾತ್ರ ಬೇರೆ. ಒಂದು ತಿಂಗಳೊಳಗೆ ಅದನ್ನು ತಂಪು ಜಾಗದಲ್ಲಿರುವ ಗೆಳತಿಯ ಮನೆಗೆ ಕೊಟ್ಟೆ. ಕೊಡುವಾಗ ತುಂಬ ಬೇಜಾರಾಗಿತ್ತು.

ಅದಕ್ಕೇ ಈಗ ಯಾರಾದರೂ ಯಾವ ಕೋಳಿ ತರಲಿ ಅಂತ ಕೇಳಿದರೆ ನಾನು ಮೊದಲು ಕೇಳುವುದು ಅವರ ಹಿತ್ತಲ ಬಗ್ಗೆ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಮಳೆ ಬಂದರೆ ಕೆಸರಾಗುತ್ತದಾ? ಚಳಿಗೆ ನೀರು ಹೆಪ್ಪುಗಟ್ಟುವ ಜಾಗವಾ? ಕೋಳಿಗಳನ್ನು ಹೊರಗೆ ಬಿಡುತ್ತೀರಾ, ಇಡೀ ದಿನ ಬೇಲಿಯೊಳಗೇ ಇರುತ್ತವಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ? ಮೊಟ್ಟೆ ಸಾಕಾ, ಮರಿ ಮಾಡಿಸುವ ಆಸೆಯೂ ಇದೆಯಾ? ಇದಕ್ಕೆಲ್ಲ ಉತ್ತರ ಸಿಕ್ಕಿದರೆ ಅರ್ಧ ತಳಿಗಳು ತಾವಾಗಿಯೇ ಪಟ್ಟಿಯಿಂದ ಬಿದ್ದು ಹೋಗುತ್ತವೆ.

ಉಳಿದವುಗಳಲ್ಲಿ ಆರಿಸಲು ಕೋಳಿಯ ಮೈಯನ್ನೇ ನೋಡಿ. ಜುಟ್ಟಿನಿಂದ ಶುರು ಮಾಡಿ. ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈ ಬಿಸಿ ಮಾಮೂಲಿಯಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಹೆಚ್ಚಾದ ಬಿಸಿಯನ್ನು ಅದು ಏದುಸಿರು ಬಿಟ್ಟು ಹೊರಹಾಕಬೇಕು, ಇಲ್ಲವೇ ಜುಟ್ಟು ಮತ್ತು ಗಲ್ಲದ ಜೋಲಿನ ಮೂಲಕ ಕಳೆದುಕೊಳ್ಳಬೇಕು. ಅಲ್ಲಿನ ತೆಳು ಚರ್ಮದ ಕೆಳಗೆ ರಕ್ತ ಜೋರಾಗಿ ಹರಿದು, ಗಾಳಿ ತಾಗಿ ತಂಪಾಗುತ್ತದೆ. ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಎಷ್ಟು ದೊಡ್ಡದು ಅಂದರೆ ಒಂದು ಪಕ್ಕಕ್ಕೆ ಜೋತು ಬೀಳುತ್ತದೆ. ಬಿಸಿಲಿಗೆ ಅದು ವರ. ಆದರೆ ಹೆಪ್ಪುಗಟ್ಟುವ ಚಳಿಯಲ್ಲಿ ಅದೇ ಜುಟ್ಟಿನ ತುದಿ ಮರಗಟ್ಟಿ ಕಪ್ಪಾಗುತ್ತದೆ. ಚಳಿ ಜಾಗಕ್ಕೆ ತಲೆಗೆ ಅಂಟಿಕೊಂಡಂತಿರುವ ಚಿಕ್ಕ ಜುಟ್ಟಿನ ತಳಿ ಒಳ್ಳೆಯದು. ವಯನ್‌ಡಾಟ್, ಬ್ರಹ್ಮ ಈ ಗುಂಪಿನವು.

ಆಮೇಲೆ ಪುಕ್ಕ. ಮೈಗೆ ಒತ್ತಿಕೊಂಡ ಬಿಗಿ ಪುಕ್ಕದ ಕೋಳಿ ಬಿಸಿಲು ತಡೆಯುತ್ತದೆ. ಉಬ್ಬಿದ ಮೆತ್ತನೆ ಪುಕ್ಕ ಅಂದರೆ ಕಂಬಳಿ ಹೊದ್ದ ಹಾಗೆ, ಚಳಿಗೆ ಸರಿ. ಕಾಲಿಗೂ ಪುಕ್ಕ ಇದ್ದರೆ ಕೆಸರಿನ ಹಿತ್ತಲಿಗೆ ತರಬೇಡಿ. ಒದ್ದೆ ಮಣ್ಣು ಅಂಟಿ ಗಟ್ಟಿಯಾಗುತ್ತದೆ, ಬೆರಳ ಸಂದಿಯಲ್ಲಿ ಹುಣ್ಣಾಗಬಹುದು. ಸಿಲ್ಕಿಯ ಪುಕ್ಕದಲ್ಲಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದಿಲ್ಲ. ಹಾಗಾಗಿ ಅದಕ್ಕೆ ಹಾರಲೂ ಆಗದು, ಮಳೆ ನೀರು ಜಾರಿ ಹೋಗುವುದೂ ಇಲ್ಲ, ಚರ್ಮದವರೆಗೂ ನೆನೆದು ನಡುಗುತ್ತದೆ. ಕತ್ತಿನಲ್ಲಿ ಪುಕ್ಕವೇ ಇಲ್ಲದ ನೇಕೆಡ್ ನೆಕ್ ತಳಿಯನ್ನು ಅಂದವಿಲ್ಲ ಅಂತ ಬಿಡುತ್ತಾರೆ. ಸೆಖೆಗೆ ಅದರಷ್ಟು ಹೊಂದಿಕೊಳ್ಳುವ ಕೋಳಿ ಕಡಿಮೆ. ನನಗಂತೂ ಅದು ಇಷ್ಟ.

ತೂಕ ಮೂರನೆಯದು. ಲೆಗ್‌ಹಾರ್ನ್ ಹೇಂಟೆ ಸುಮಾರು 2 ಕೆಜಿ. ಹಗುರ, ಹಾಗಾಗಿ ಆಳೆತ್ತರದ ಬೇಲಿಯನ್ನೂ ಹಾರಿ ದಾಟುತ್ತದೆ. ಮೂರು ಕೆಜಿ ದಾಟಿದ ಕೋಳಿಗಳು ಅಷ್ಟು ಎತ್ತರ ಹಾರುವುದಿಲ್ಲ, ಆದರೆ ಜಾಸ್ತಿ ತಿನ್ನುತ್ತವೆ. ಹಗುರ ಕೋಳಿಗೆ ದಿನಕ್ಕೆ 110 ಗ್ರಾಂ ಆಸುಪಾಸು ಆಹಾರ ಸಾಕಾಗುತ್ತದೆ. ಭಾರದ್ದಕ್ಕೆ 150 ಗ್ರಾಂ ಹತ್ತಿರ ಬೇಕು. ಅವುಗಳಿಗೆ ಕೂರುವ ಕೋಲನ್ನೂ ತಗ್ಗಿನಲ್ಲೇ ಕಟ್ಟಿ. ಎತ್ತರದಿಂದ ಧೊಪ್ಪನೆ ಇಳಿದರೆ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ.

ಇನ್ನು ಮೊಟ್ಟೆ. ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ, ತಪ್ಪೇನಿಲ್ಲ. ಒಂದು ಮೊಟ್ಟೆ ಒಳಗೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅಂದರೆ ಎಂಥ ಒಳ್ಳೆ ಕೋಳಿಯೂ ಪ್ರತಿದಿನ ಒಂದೇ ಹೊತ್ತಿಗೆ ಇಡುವುದಿಲ್ಲ, ಆಗಾಗ ಒಂದು ದಿನ ಬಿಡುತ್ತದೆ. ಬಿಳಿ ಲೆಗ್‌ಹಾರ್ನ್ ವರ್ಷಕ್ಕೆ 250ರಿಂದ 300 ಬಿಳಿ ಮೊಟ್ಟೆ ಕೊಡುತ್ತದೆ. ಆದರೆ ಗಾಬರಿ ಸ್ವಭಾವ. ಹತ್ತಿರ ಹೋದರೆ ಕಿರುಚಿ ಓಡುತ್ತದೆ, ಮಕ್ಕಳ ಕೈಗೆ ಸಿಗುವುದಿಲ್ಲ. ರೋಡ್ ಐಲ್ಯಾಂಡ್ ರೆಡ್ 200ರಿಂದ 250 ಕಂದು ಮೊಟ್ಟೆ ಕೊಡುತ್ತದೆ. ಗಟ್ಟಿ ಜೀವ, ಹೊಸಬರ ಸಣ್ಣಪುಟ್ಟ ತಪ್ಪನ್ನೂ ತಾಳಿಕೊಳ್ಳುತ್ತದೆ. ನನ್ನ ಎರಡು ರೆಡ್‌ಗಳು ನಾನು ಗುದ್ದಲಿ ಹಿಡಿದ ಕೂಡಲೇ ಓಡಿ ಬರುತ್ತಿದ್ದವು. ಮಣ್ಣು ಮಗುಚುವ ಮೊದಲೇ ಎರೆಹುಳಕ್ಕೆ ಕೊಕ್ಕು ಹಾಕುತ್ತಿದ್ದವು. ಗುದ್ದಲಿ ಎತ್ತಲೂ ಹೆದರಿಕೆ ಆಗುವಷ್ಟು ಹತ್ತಿರ ಬರುತ್ತಿದ್ದವು. ಪ್ಲೈಮೌತ್ ರಾಕ್ ಮತ್ತು ಸಸೆಕ್ಸ್ ಕೂಡ ಇದೇ ಸಾಲಿನವು, ಸ್ವಭಾವ ಇನ್ನೂ ಸ್ವಲ್ಪ ಮೆತ್ತಗೆ.

ನನ್ನ ಅಚ್ಚುಮೆಚ್ಚು ಆಸ್ಟ್ರಲಾರ್ಪ್. ಇಂಗ್ಲೆಂಡಿನ ಕಪ್ಪು ಆರ್ಪಿಂಗ್ಟನ್ ಕೋಳಿಗಳನ್ನು ಆಸ್ಟ್ರೇಲಿಯಾಕ್ಕೆ ತಂದು, ಮೊಟ್ಟೆಗಾಗಿ ಆರಿಸಿ ಆರಿಸಿ ಬೆಳೆಸಿದ ತಳಿ ಇದು. 1922-23ರಲ್ಲಿ ಅಲ್ಲಿನ 6 ಹೇಂಟೆಗಳು 365 ದಿನಗಳಲ್ಲಿ 1857 ಮೊಟ್ಟೆ ಇಟ್ಟವು. ಒಂದಕ್ಕೆ ಸರಾಸರಿ 309.5! ನಿಮ್ಮ ಹಿತ್ತಲಲ್ಲಿ 250 ಸಿಕ್ಕಿದರೂ ಖುಷಿ ಪಡಿ. ಬೆಳಗಿನ ಬಿಸಿಲಿಗೆ ಅದರ ಕಪ್ಪು ಪುಕ್ಕದ ಮೇಲೆ ಹಸಿರು ಮಿಂಚು ಬರುತ್ತದೆ. ಎತ್ತಿಕೊಂಡರೆ ಸುಮ್ನೆ ಕೂರುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಹಾಗಾಗಿ ದಟ್ಟ ನೆರಳು ಮಾತ್ರ ಕೊಡಲೇಬೇಕು.

ಅಂಗಳದಲ್ಲಿ ತಾಯಿ ಕೋಳಿ ಮರಿಗಳ ಜೊತೆ ಓಡಾಡಬೇಕು ಅನ್ನುವ ಆಸೆ ಇದ್ದರೆ ಲೆಕ್ಕ ಬದಲಾಗುತ್ತದೆ. ಜಾಸ್ತಿ ಮೊಟ್ಟೆ ಇಡುವ ತಳಿಗಳು ಕಾವಿಗೆ ಕೂರುವುದೇ ಅಪರೂಪ. ಲೆಗ್‌ಹಾರ್ನ್ ಅಂತೂ ಮೊಟ್ಟೆ ಇಟ್ಟು ಎದ್ದು ಹೋದರೆ ತಿರುಗಿ ನೋಡುವುದಿಲ್ಲ. ಸಿಲ್ಕಿ, ಆರ್ಪಿಂಗ್ಟನ್, ಅಸೀಲ್, ಜೊತೆಗೆ ಬಹುತೇಕ ನಾಟಿ ಕೋಳಿಗಳು 21 ದಿನ ಪಟ್ಟು ಹಿಡಿದು ಕೂರುತ್ತವೆ. ಆದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ, ಮರಿ ದೊಡ್ಡದಾಗುವವರೆಗೂ ಇಡುವುದಿಲ್ಲ. ಎರಡೂ ಒಂದೇ ಕೋಳಿಯಿಂದ ಬೇಕು ಅಂದರೆ ಆಗುವುದಿಲ್ಲ ಅಲ್ವಾ? ಅಸೀಲ್ ಒಳ್ಳೆ ತಾಯಿ ನಿಜ, ಆದರೆ ಜಗಳಗಂಟಿ ತಳಿ. ಬೇರೆ ಕೋಳಿಗಳ ಜೊತೆ ಸಣ್ಣ ಜಾಗದಲ್ಲಿ ಇಡಬೇಡಿ. ಹೊಸಬರಿಗೆ ಅದು ಬೇಡ ಅಂತಲೇ ನನ್ನ ಮಾತು.

ಮೊಟ್ಟೆಗೆಂದೇ ಮಾಡಿದ ಹೈಬ್ರಿಡ್ ಕೋಳಿಗಳೂ ಸಿಗುತ್ತವೆ. ಮೊದಲ ವರ್ಷ 300 ದಾಟಿ ಇಡುತ್ತವೆ, ಸಾಧು ಕೂಡ. ಆದರೆ ಎರಡನೇ ವರ್ಷದಿಂದ ಇಳಿಮುಖ. ದೇಹ ದಣಿದು ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವಂಥ ತೊಂದರೆ ಅವುಗಳಲ್ಲಿ ಜಾಸ್ತಿ. ಅವುಗಳ ಮರಿಗಳು ತಾಯಿಯ ಹಾಗೇ ಬರುವುದೂ ಇಲ್ಲ. ಐದಾರು ವರ್ಷ ಜೊತೆಗಿಟ್ಟುಕೊಳ್ಳುವ ಮನಸ್ಸಿದ್ದರೆ ಶುದ್ಧ ತಳಿಯೇ ಇರಲಿ. ಮಾಂಸದ ಬ್ರಾಯ್ಲರ್ ಮರಿಯನ್ನಂತೂ ಸಾಕಲು ತರಬೇಡಿ. ಅದು ಬೆಳೆಯುವ ವೇಗಕ್ಕೆ ಅದರ ಕಾಲು, ಹೃದಯ ಎರಡೂ ತಡೆಯುವುದಿಲ್ಲ.

ಈಗ ನನ್ನ ಸಿಲ್ಕಿಯ ಕಥೆ. ಅದರ ತಲೆ ಮೇಲೆ ಪುಕ್ಕದ ಗೊಂಡೆ ಇತ್ತು, ಕಣ್ಣಿಗೆ ಅಡ್ಡ ಬರುತ್ತಿತ್ತು. ತೂಕ ಒಂದೂವರೆ ಕೆಜಿಯೂ ಇರಲಿಲ್ಲ. ಪಕ್ಕದಿಂದ ಬರುವ ಕೋಳಿ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಒಂದು ಬೆಳಿಗ್ಗೆ ಗೂಡು ತೆಗೆದರೆ ಮೂಲೆಯಲ್ಲಿ ತಲೆ ತೂರಿಸಿ ಕೂತಿತ್ತು. ನೆತ್ತಿಯ ಪುಕ್ಕವನ್ನೆಲ್ಲ ಕುಕ್ಕಿ ಕಿತ್ತಿದ್ದರು ಮಿಕ್ಕವರು, ರಕ್ತ ಒಣಗಿತ್ತು. ಬೇರೆ ಇಟ್ಟು ಗಾಯ ವಾಸಿ ಮಾಡಿದೆ. ಆದರೆ ಆ ಗುಂಪಿಗೆ ಅದನ್ನು ಮತ್ತೆ ಸೇರಿಸಲು ಧೈರ್ಯ ಬರಲಿಲ್ಲ. ಕೋಳಿಗಳಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಕೊಕ್ಕಿನಿಂದಲೇ ತೀರ್ಮಾನವಾಗುತ್ತದೆ. ಹಾಗಾಗಿ ತಳಿ ಬೆರೆಸುವುದಾದರೆ ತೂಕ, ಸ್ವಭಾವ ಹತ್ತಿರ ಹತ್ತಿರ ಇರುವುದನ್ನೇ ಬೆರೆಸಿ. ಯಾವುದನ್ನೂ ಒಂಟಿಯಾಗಿ ತರಬೇಡಿ, ಒಂದೊಂದು ತಳಿಯದ್ದೂ ಕನಿಷ್ಠ ಎರಡಿರಲಿ.

ಎಷ್ಟು ತರಬೇಕು? ನಾಲ್ಕು ಸಾಕು. ಗೂಡಿನೊಳಗೆ ಒಂದೊಂದಕ್ಕೆ 4 ಚದರ ಅಡಿ, ಹೊರಗೆ ಬೇಲಿಯೊಳಗೆ 10 ಚದರ ಅಡಿ ಇಟ್ಟುಕೊಳ್ಳಿ. ಜಾಗ ಕಮ್ಮಿಯಾದರೆ ಎಂಥ ಸಾಧು ತಳಿಯೂ ಕುಕ್ಕಾಡಲು ಶುರು ಮಾಡುತ್ತದೆ. ಮೊಟ್ಟೆಗೆ ಹುಂಜ ಬೇಕಾಗಿಲ್ಲ. ಮರಿ ಬೇಕಿದ್ದರೆ ಮಾತ್ರ ಬೇಕು.

ತರುವಾಗ ಒಂದು ಎಚ್ಚರ. ಒಂದು ದಿನದ ಮರಿಯಲ್ಲಿ ಹೆಣ್ಣು ಗಂಡು ಗುರುತಿಸುವುದು ಹೆಚ್ಚಿನ ತಳಿಗಳಲ್ಲಿ ಪಳಗಿದ ಕೈಗೆ ಮಾತ್ರ ಸಾಧ್ಯ. ಎಲ್ಲ ಹೆಣ್ಣೇ ಅಂತ ಒಬ್ಬರು ಕೊಟ್ಟ ಆರು ಮರಿಗಳಲ್ಲಿ ನನಗೆ ಮೂರು ಹುಂಜವಾದವು. ಮರಿಗಳಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ರಾತ್ರಿ ಎದ್ದು ನೋಡುವ ಕೆಲಸವೂ ಇದೆ. ಮೊದಲ ಸಲಕ್ಕೆ 16ರಿಂದ 18 ವಾರದ ಹೇಂಟೆಗಳನ್ನೇ ತನ್ನಿ. ಹೆಣ್ಣೋ ಗಂಡೋ ಸ್ಪಷ್ಟವಾಗಿ ಗೊತ್ತಾಗುತ್ತದೆ, ಹಗುರ ತಳಿಯಾದರೆ ಒಂದೆರಡು ತಿಂಗಳಲ್ಲಿ ಮೊಟ್ಟೆ ಶುರು, ಭಾರದ್ದಾದರೆ ಇನ್ನೂ ಕೆಲವು ವಾರ. ಯಾವ ಲಸಿಕೆ ಹಾಕಿದ್ದಾರೆ ಕೇಳಿ ಬರೆದುಕೊಳ್ಳಿ. ಕಣ್ಣು ಹೊಳಪಾಗಿರಬೇಕು, ಮೂಗು ಒಣಗಿರಬೇಕು, ಬಾಲದ ಕೆಳಗಿನ ಪುಕ್ಕ ಚೊಕ್ಕಟವಾಗಿರಬೇಕು. ಎದೆ ಮೂಳೆಯ ಎರಡೂ ಕಡೆ ಬೆರಳಾಡಿಸಿ. ಕತ್ತಿಯ ಅಂಚಿನ ಹಾಗೆ ಚೂಪಾಗಿ ಕೈಗೆ ತಾಗಿದರೆ ಬಡಕಲು ಕೋಳಿ, ಬಿಟ್ಟು ಬನ್ನಿ.

ನನ್ನ ಹಿತ್ತಲಲ್ಲಿ ಈಗ ಎರಡು ಆಸ್ಟ್ರಲಾರ್ಪ್, ಎರಡು ರೋಡ್ ಐಲ್ಯಾಂಡ್ ರೆಡ್ ಇವೆ. ಸಿಲ್ಕಿಗೆ ಇನ್ನೊಂದು ಸಿಲ್ಕಿಯನ್ನು ಜೊತೆ ಮಾಡಿ, ಬಾವಿಕಟ್ಟೆಯ ಪಕ್ಕ ಬೇರೆ ಗೂಡು ಕಟ್ಟಿಕೊಟ್ಟಿದ್ದೇನೆ. ಹೋದ ತಿಂಗಳು ಅದು ಆಸ್ಟ್ರಲಾರ್ಪ್ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತು. ಹುಂಜ ಇಲ್ಲದ ಗುಂಪಿನ ಮೊಟ್ಟೆ, ಎಷ್ಟು ಕೂತರೂ ಮರಿ ಆಗುವುದಿಲ್ಲ. ಹಾಗಾಗಿ ಗೆಳತಿಯ ಮನೆಯಿಂದ ನಾಲ್ಕು ಬ್ರಹ್ಮ ಮೊಟ್ಟೆ ತಂದು ರಾತ್ರಿ ಅದರ ಕೆಳಗೆ ಸರಿಸಿಟ್ಟೆ. ಅವಳ ತಂಪು ಹಿತ್ತಲಿಗೇ ಮರಿಗಳು ವಾಪಸ್ ಹೋಗಬೇಕು ಅಂತ ಮಾತಾಗಿದೆ. ನಿನ್ನೆಗೆ ಹತ್ತೊಂಬತ್ತು ದಿನ ಆಯಿತು.