ದುಡ್ಡು ಕಮ್ಮಿ ಇದ್ದಾಗ ಎರಡನೇ ರಿವಾಲ್ವರ್ ಆರಿಸಿದ್ದು

ನನ್ನ ಹತ್ತಿರ ಮೊದಲಿಂದ ಇರುವುದು ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 66. ನಾಲ್ಕು ಇಂಚಿನ ಬ್ಯಾರೆಲ್, ಸ್ಟೇನ್‌ಲೆಸ್ ಸ್ಟೀಲ್, .357 ಮ್ಯಾಗ್ನಂ ಅನ್ನುವ ಜೋರು ತೋಟಾದ್ದು. ಅದರ ಮೇಲೆ ನನಗೇನೂ ದೂರಿಲ್ಲ. ಆದರೂ ಎರಡನೆಯದು ಬೇಕು ಅನ್ನಿಸಿದ್ದಕ್ಕೆ ಕಾರಣ ಇತ್ತು. ಈ 66 ಕೆ ಫ್ರೇಮ್, ಅಂದರೆ ಮಧ್ಯಮ ಗಾತ್ರದ್ದು. ಆ ಫ್ರೇಮಿನೊಳಗೆ ಕೂರಲಿ ಅಂತ ಬ್ಯಾರೆಲ್‌ನ ಹಿಂತುದಿಯನ್ನು, ಅಂದರೆ ಫೋರ್ಸಿಂಗ್ ಕೋನ್ ಇರುವ ಭಾಗವನ್ನು, ಕೆಳಗಡೆ ಚಪ್ಪಟೆಯಾಗಿ ಕತ್ತರಿಸಿರುತ್ತಾರೆ. ಅಲ್ಲಿ ಲೋಹ ತೆಳ್ಳಗೆ. 125 ಗ್ರೇನ್‌ನ ಹಗುರ ಗುಂಡಿನ, ಜೋರು ಮದ್ದಿನ ಮ್ಯಾಗ್ನಂ ತೋಟಾಗಳನ್ನೇ ಸುಡುತ್ತಾ ಹೋದರೆ ಬಿರುಕು ಬಿಡುವುದು ಆ ಜಾಗದಲ್ಲೇ. ಹಳೇ 66ಕ್ಕೆ ಬದಲಿ ಬ್ಯಾರೆಲ್ ಸಿಗುವುದೂ ಕಷ್ಟ. ಹಾಗಾಗಿ ದಿನನಿತ್ಯದ ಪ್ರಾಕ್ಟೀಸ್‌ಗೆ ಬೇರೊಂದು ಇರಲಿ, ಇದು ಸ್ವಲ್ಪ ಆರಾಮಾಗಿರಲಿ ಅಂದುಕೊಂಡೆ.

ಇದ್ದ ದುಡ್ಡು ಸ್ವಲ್ಪ. ಅದನ್ನು ಮೊದಲೇ ಎರಡು ಪಾಲು ಮಾಡಿಟ್ಟೆ. ಒಂದು ಪಾಲು ತೋಟಾಗಳಿಗೆ, ಉಳಿದದ್ದು ರಿವಾಲ್ವರ್‌ಗೆ. ಈ ಕ್ರಮ ಮುಖ್ಯ. ಎಲ್ಲ ದುಡ್ಡನ್ನೂ ರಿವಾಲ್ವರ್‌ಗೇ ಸುರಿದು ಅದನ್ನು ಬೀರುವಿನಲ್ಲಿ ಇಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ತೋಟಾ ಪಾಲು ತೆಗೆದಿಟ್ಟ ಮೇಲೆ ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ, ಅನ್ನುವ ಪ್ರಶ್ನೆ ತಾನಾಗೇ ಚಿಕ್ಕದಾಗುತ್ತದೆ.

ಮೊದಲು ಮನಸ್ಸು ಹೋಗಿದ್ದು .22ರ ಕಡೆಗೆ. ತೋಟಾ ಅಗ್ಗ, ಒದೆತ ಇಲ್ಲ, ಸದ್ದು ಕಮ್ಮಿ. ಇಡೀ ದಿನ ಹೊಡೆದರೂ ಕೈ ಸೋಲುವುದಿಲ್ಲ. ಆದರೆ ಒಳ್ಳೆಯ ಡಬಲ್ ಆ್ಯಕ್ಷನ್ .22, ಅಂದರೆ ಟ್ರಿಗರ್ ಎಳೆದರೆ ಹ್ಯಾಮರ್ ತಾನೇ ಎದ್ದು ಬೀಳುವಂಥದ್ದು, ಅಗ್ಗಕ್ಕೆ ಸಿಗುವುದಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 17ರಂಥದ್ದಕ್ಕೆ ಕೇಳುವ ಬೆಲೆ, ಅದೇ ಗಾತ್ರದ ಬಳಸಿದ .38ಗಿಂತ ಜಾಸ್ತಿ. ಅಗ್ಗದವುಗಳಲ್ಲಿ ಟ್ರಿಗರ್ ಬಿಗಿ. .22ರಲ್ಲಿ ಸಿಡಿಮದ್ದು ತೋಟಾದ ಅಂಚಿನೊಳಗೆ ಇರುತ್ತದೆ, ಆ ಅಂಚನ್ನು ಜಜ್ಜಲು ಹ್ಯಾಮರ್ ಜೋರಾಗಿ ಬೀಳಬೇಕು, ಅದಕ್ಕೆ ಸ್ಪ್ರಿಂಗೂ ಗಟ್ಟಿ ಬೇಕು. ಮನೆಯಲ್ಲಿ ಖಾಲಿ ಟ್ರಿಗರ್ ಎಳೆದು ಅಭ್ಯಾಸ ಮಾಡುವುದೂ ಅನೇಕ .22ಗಳಿಗೆ ಒಗ್ಗುವುದಿಲ್ಲ. ಫೈರಿಂಗ್ ಪಿನ್ ನೇರ ಚೇಂಬರ್, ಅಂದರೆ ತೋಟಾ ಕೂರುವ ತೂತಿನ ಅಂಚಿಗೆ ಬಡಿದು ಅಲ್ಲಿ ಹಳ್ಳ ಮಾಡುತ್ತದೆ. ಹೆರಿಟೇಜ್ ರಫ್ ರೈಡರ್ ತರಹದ ಸಿಂಗಲ್ ಆ್ಯಕ್ಷನ್ ನನ್ನ ದುಡ್ಡಿಗೆ ಬರುತ್ತಿತ್ತು. ಆಟಕ್ಕೆ ಚೆಂದ. ಆದರೆ ಪ್ರತಿ ಸಲ ಹ್ಯಾಮರ್ ಎಳೆದುಕೊಂಡು ಹೊಡೆಯುವುದರಿಂದ ನನ್ನ ಡಬಲ್ ಆ್ಯಕ್ಷನ್ ಕೈ ಪಳಗುವುದಿಲ್ಲ, ಅಲ್ವಾ?

ಐದು ಗುಂಡಿನ ಗಿಡ್ಡ ಬ್ಯಾರೆಲ್‌ನವು ಜೇಬಿಗೆ ಸರಿ, ಕಲಿಕೆಗೆ ಅಲ್ಲ. ಬಿಟ್ಟೆ. ರೂಗರ್ ಸೆಕ್ಯುರಿಟಿ ಸಿಕ್ಸ್ ಕೈಗೆತ್ತಿಕೊಂಡು ನೋಡಿದೆ. ಗಟ್ಟಿಮುಟ್ಟಾದ ರಿವಾಲ್ವರ್, 1980ರ ದಶಕದಲ್ಲೇ ನಿಂತುಹೋಯಿತು. ಆದರೆ .357 ಅನ್ನುವ ಒಂದೇ ಕಾರಣಕ್ಕೆ ಬೆಲೆ ಏರಿಸಿಟ್ಟಿರುತ್ತಾರೆ. ನನಗೆ ಇನ್ನೊಂದು ಮ್ಯಾಗ್ನಂ ಬೇಕಿರಲಿಲ್ಲ.

ಕೊನೆಗೆ ಉಳಿದದ್ದು .38 ಸ್ಪೆಷಲ್. .357 ಹುಟ್ಟಿದ್ದೇ ಇದರಿಂದ, 1935ರಲ್ಲಿ. ಅದರ ಕೇಸನ್ನು, ಅಂದರೆ ತೋಟಾದ ಕೊಳವೆಯನ್ನು, ಸುಮಾರು 3.4 ಮಿಲಿಮೀಟರ್ ಉದ್ದ ಮಾಡಿದ್ದು, ಅಪ್ಪಿತಪ್ಪಿ .38ರ ಚೇಂಬರ್‌ನಲ್ಲಿ ಕೂರದಿರಲಿ ಅಂತ. ಒತ್ತಡದ ಮಿತಿ .38ಕ್ಕೆ 17,000 ಪಿಎಸ್‌ಐ, .357ಕ್ಕೆ 35,000. ಎರಡರಷ್ಟಕ್ಕಿಂತ ಜಾಸ್ತಿ. ನಾನು ಖಾಲಿ ಕೇಸುಗಳನ್ನು ಮತ್ತೆ ತುಂಬಿಕೊಳ್ಳುವವನು. ಎರಡಕ್ಕೂ ಒಂದೇ ಡೈ ಸೆಟ್ (ಕೇಸು ತುಂಬುವ ಅಚ್ಚುಗಳು), ಗುಂಡೂ ಅದೇ. ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 10 ಅಂತೂ ನನ್ನ 66ರ ಹಾಗೆಯೇ ಕೆ ಫ್ರೇಮ್. ಸ್ಪೀಡ್‌ಲೋಡರ್ (ಆರೂ ತೋಟಾ ಒಮ್ಮೆಗೇ ತುಂಬುವ ಸಾಧನ) ಅದೇ, ಹೋಲ್ಸ್ಟರ್ (ಸೊಂಟದ ಚೀಲ) ಅದೇ, ಟ್ರಿಗರ್ ಎಳೆತದ ಗುಣವೂ ಅದೇ. ಲಕ್ಷಗಟ್ಟಲೆ ತಯಾರಾದ ಮಾಲು, ಪೊಲೀಸರು ದಶಕಗಳ ಕಾಲ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದು. ಹಾಗೆ ಕೆಲಸ ಮಾಡಿ ಹೊರಬಿದ್ದ ರಿವಾಲ್ವರ್‌ಗಳು ಎಷ್ಟೋ ಸಲ ಹೊರಗೆ ಸವೆದಿರುತ್ತವೆ, ಒಳಗೆ ಹೊಸದರ ಹಾಗೇ ಇರುತ್ತವೆ. ತಿರುಗಿದ್ದು ಜಾಸ್ತಿ, ಸುಟ್ಟಿದ್ದು ಕಮ್ಮಿ.

ಹಳೇ ಮಾಲು ನೋಡುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಹೋದ ವಿಕ್ಟರಿ ಮಾಡೆಲ್‌ಗಳು ಕಣ್ಣಿಗೆ ಮಾಡೆಲ್ 10ರ ಹಾಗೇ ಕಾಣುತ್ತವೆ, ಅಗ್ಗವೂ ಹೌದು. ಆದರೆ ಅವು .38 ಸ್ಪೆಷಲ್ ಅಲ್ಲ, .38 ಎಸ್ ಅಂಡ್ ಡಬ್ಲ್ಯೂ ಅನ್ನುವ ಬೇರೆ ತೋಟಾದವು. ಆ ಕೇಸು ಗಿಡ್ಡ, ಸ್ವಲ್ಪ ದಪ್ಪ. ಯುದ್ಧ ಮುಗಿದ ಮೇಲೆ ಅನೇಕವುಗಳ ಚೇಂಬರನ್ನು ಉದ್ದಕ್ಕೆ ಕೊರೆದು ಸ್ಪೆಷಲ್ ತೋಟಾ ಕೂರುವ ಹಾಗೆ ಮಾಡಿ ಮಾರಿದರು. ಕೂರುತ್ತದೆ, ಸಿಡಿಯುತ್ತದೆ, ಆದರೆ ಹಿಂಭಾಗ ಅಗಲವಾಗಿರುವುದರಿಂದ ಕೇಸು ಉಬ್ಬಿಕೊಂಡು ಹೊರಬರುತ್ತದೆ, ಒಮ್ಮೊಮ್ಮೆ ಸೀಳುತ್ತದೆ. ಕೇಸನ್ನು ಮತ್ತೆ ಬಳಸುವ ನನ್ನಂಥವನಿಗೆ ಅದು ಶುದ್ಧ ನಷ್ಟ. ಹಾಗಾಗಿ ಬ್ಯಾರೆಲ್ ಮೇಲಿನ ಬರಹವನ್ನು ಪೂರ್ತಿ ಓದುತ್ತೇನೆ. ‘ಸ್ಪೆಷಲ್’ ಅನ್ನುವ ಮಾತು ಅಲ್ಲಿ ಇರಲೇಬೇಕು. ಸಿಲಿಂಡರ್, ಅಂದರೆ ತೋಟಾ ತುಂಬುವ ತಿರುಗುವ ಉರುಳೆ, ತೆರೆದಾಗ ಫ್ರೇಮಿನಲ್ಲಿ ಮಾಡೆಲ್ ನಂಬರ್ ಒತ್ತಿದೆಯಾ ಅಂತಲೂ ನೋಡುತ್ತೇನೆ. ಆ ನಂಬರ್ ಹಾಕಲು ಶುರು ಮಾಡಿದ್ದು 1957ರಲ್ಲಿ. ಅದಿಲ್ಲದ ಹಳೆಯವಕ್ಕೆ ಪ್ಲಸ್ ಪಿ, ಅಂದರೆ ಹೆಚ್ಚು ಒತ್ತಡದ ತೋಟಾ ಹಾಕುವ ಯೋಚನೆ ಬೇಡ.

ಇನ್ನು ಪರೀಕ್ಷೆ. ಮೊದಲು ಸಿಲಿಂಡರ್ ತೆರೆದು ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತೇನೆ. ಮಾರುವವರ ಒಪ್ಪಿಗೆ ಇಲ್ಲದೆ ಟ್ರಿಗರ್ ಎಳೆಯುವುದಿಲ್ಲ. ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬರುತ್ತೇನೆ.

ಮೊದಲು ನೋಡುವುದು ಟೈಮಿಂಗ್. ಹ್ಯಾಮರನ್ನು ತೀರಾ ನಿಧಾನವಾಗಿ ಎಳೆಯುತ್ತಾ, ಇನ್ನೊಂದು ಕೈಯ ಹೆಬ್ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಒತ್ತಿ ಸ್ವಲ್ಪವೇ ತಡೆ ಕೊಡಬೇಕು. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಮೊದಲೇ ಸಿಲಿಂಡರ್ ತನ್ನ ಕಚ್ಚಿನಲ್ಲಿ ಟಕ್ ಅಂತ ಕೂರಬೇಕು. ಹ್ಯಾಮರ್ ನಿಂತರೂ ಸಿಲಿಂಡರ್ ಇನ್ನೂ ಕೂದಲೆಳೆ ದೂರದಲ್ಲಿದ್ದರೆ ಅದನ್ನು ತಿರುಗಿಸುವ ಹ್ಯಾಂಡ್ ಅಥವಾ ರ್ಯಾಚೆಟ್ ಸವೆದಿದೆ ಅಂತ. ಆರೂ ಚೇಂಬರ್‌ಗೆ ಹೀಗೇ ಮಾಡಬೇಕು. ಐದು ಸರಿ ಇದ್ದು ಆರನೆಯದು ತಡವಾಗುವುದುಂಟು. ತಡವಾದರೆ ಗುಂಡು ಬ್ಯಾರೆಲ್‌ಗೆ ನೇರವಾಗಿ ಹೋಗದೆ ಅಂಚಿಗೆ ತಾಗುತ್ತದೆ, ಸೀಸದ ಚೂರು ಸಂದಿನಿಂದ ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕೆನ್ನೆ ಉರಿದಾಗ ಅವರೇ ಹೇಳುತ್ತಾರೆ.

ಆಮೇಲೆ ಹ್ಯಾಮರ್ ಎಳೆದಿಟ್ಟು, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತುತ್ತೇನೆ. ಬೀಳಬಾರದು. ಬಿದ್ದರೆ ಯಾರೋ ಒಳಗೆ ಅರ ಹಾಕಿದ್ದಾರೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ನನಗೆ ಬೇಡ.

ಬ್ಯಾರೆಲ್‌ಗೂ ಸಿಲಿಂಡರ್‌ಗೂ ನಡುವಿನ ಸಂದನ್ನು ತೆಳು ಲೋಹದ ಪಟ್ಟಿಗಳಿರುವ ಫೀಲರ್ ಗೇಜ್‌ನಲ್ಲಿ ಅಳೆಯುತ್ತೇನೆ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಒಮ್ಮೆ, ಮುಂದಕ್ಕೆ ಒತ್ತಿ ಒಮ್ಮೆ. 0.10ರಿಂದ 0.20 ಮಿಲಿಮೀಟರ್ ಇದ್ದರೆ ಸರಿ. 0.25 ದಾಟಿದರೆ ನಾನು ಕೆಳಗಿಡುತ್ತೇನೆ. ಎರಡು ಅಳತೆಗಳ ವ್ಯತ್ಯಾಸವೇ ಎಂಡ್ ಶೇಕ್, ಅಂದರೆ ಸಿಲಿಂಡರ್ ಹಿಂದೆ ಮುಂದೆ ಅಲ್ಲಾಡುವ ಪ್ರಮಾಣ. ಇದು ಸ್ವಲ್ಪ ಇದ್ದರೆ ತೆಳು ವಾಷರ್ ಹಾಕಿ ಸರಿ ಮಾಡಬಹುದು. ಬೆಲೆ ಇಳಿಸಲು ಇದೊಂದು ಒಳ್ಳೆಯ ನೆಪವೂ ಹೌದು.

ಸಿನಿಮಾದವರ ಹಾಗೆ ಕೈ ಝಾಡಿಸಿ ಸಿಲಿಂಡರ್ ಮುಚ್ಚುವ ಚಟ ಕೆಲವರಿಗಿದೆ. ಅದನ್ನು ಮಾಡಿದ ರಿವಾಲ್ವರ್‌ನಲ್ಲಿ ಸಿಲಿಂಡರ್ ಹೊತ್ತ ತೋಳು ಬಾಗಿರುತ್ತದೆ. ಮುಚ್ಚಿದಾಗ ಆ ತೋಳು ಫ್ರೇಮಿಗೆ ಸೇರುವ ಗೆರೆ ಕೂದಲೆಳೆಯಷ್ಟು ತೆಳ್ಳಗೆ, ಸಮವಾಗಿರಬೇಕು. ತೆರೆದು ತಿರುಗಿಸಿದಾಗ, ಖಾಲಿ ಕೇಸು ಹೊರದೂಡುವ ಎಜೆಕ್ಟರ್ ರಾಡ್‌ನ ತುದಿ ಓಲಾಡಬಾರದು.

ಒಂದು ಮಾಡೆಲ್ 10 ಸಿಕ್ಕಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ. ಹತ್ತಿರ ಹಿಡಿದು ನೋಡಿದರೆ ಬ್ಯಾರೆಲ್ ಮೇಲಿನ ಅಕ್ಷರಗಳ ಅಂಚು ಕರಗಿದ ಹಾಗಿತ್ತು. ಸ್ಕ್ರೂ ತೂತಿನ ಸುತ್ತ ಬಟ್ಟಲಿನಂತೆ ತಗ್ಗು. ಪಕ್ಕದ ಪ್ಲೇಟಿನ ಸಂದು ಎದ್ದು ಕಾಣುತ್ತಿತ್ತು. ಕಾರ್ಖಾನೆಯಲ್ಲಿ ಹ್ಯಾಮರ್, ಟ್ರಿಗರ್‌ಗೆ ಬಣ್ಣಬಣ್ಣದ ಮೋಡದಂಥ ಹದ ಕೊಟ್ಟಿರುತ್ತಾರೆ. ಇದರಲ್ಲಿ ಅವೂ ಕಪ್ಪು ನೀಲಿ. ಅಂದರೆ ಯಾರೋ ಚೆನ್ನಾಗಿ ಉಜ್ಜಿ ಮತ್ತೆ ಬಣ್ಣ ಕಟ್ಟಿಸಿದ್ದಾರೆ. ಟ್ರಿಗರ್ ಮಾತ್ರ ಬೆಣ್ಣೆ. ಮಾರುವವರು ಅದನ್ನೇ ಹೊಗಳುತ್ತಿದ್ದರು. ನಾನು ಹಿಡಿಕೆಯ ಮುಂಭಾಗದ ಪಟ್ಟಿಯ ಕೆಳಗಿರುವ ಸ್ಕ್ರೂ ನೋಡಿದೆ. ಮುಖ್ಯ ಸ್ಪ್ರಿಂಗನ್ನು ಬಿಗಿ ಹಿಡಿಯುವುದು ಅದೇ. ಎರಡು ಸುತ್ತು ಹೊರಗೆ ಬಂದಿತ್ತು. ಅದನ್ನು ಸಡಿಲಿಸಿದರೆ ಟ್ರಿಗರ್ ಹಗುರಾಗುತ್ತದೆ, ಹ್ಯಾಮರ್ ಪೆಟ್ಟೂ ಹಗುರಾಗುತ್ತದೆ, ತೋಟಾದ ಬುಡದ ಸಿಡಿಮದ್ದಿನ ಬಟ್ಟಲು, ಅಂದರೆ ಪ್ರೈಮರ್, ಗಟ್ಟಿ ಇದ್ದರೆ ತೋಟಾ ಸಿಡಿಯುವುದೇ ಇಲ್ಲ. ಸ್ಕ್ರೂ ಬಿಗಿ ಮಾಡಿದರೆ ಆಯಿತಲ್ಲ ಅನ್ನಬಹುದು. ಸ್ಕ್ರೂ ಮಟ್ಟಿಗೆ ಹೌದು. ಉಜ್ಜಿ ಕಳೆದ ಲೋಹವನ್ನು ಎಲ್ಲಿಂದ ತರುವುದು?

ಕೊನೆಗೆ ಕೊಂಡದ್ದು ನೋಡಲು ಬಡಪಾಯಿ. ಮಾಡೆಲ್ 10–6, ದಪ್ಪ ಬ್ಯಾರೆಲ್. ಮೂತಿಯ ಹತ್ತಿರ ಮತ್ತು ಸಿಲಿಂಡರ್ ಅಂಚಿನಲ್ಲಿ ಹೋಲ್ಸ್ಟರ್ ತಿಕ್ಕಿ ಬಿಳಿ ಲೋಹ ಕಾಣುತ್ತಿತ್ತು. ಮರದ ಹಿಡಿಕೆಯ ಬುಡದಲ್ಲಿ ಒಂದು ಚಕ್ಕೆ ಎದ್ದಿತ್ತು. ಆದರೆ ಸ್ಕ್ರೂ ತಲೆಗಳು ಒಂದೂ ಕೆಟ್ಟಿರಲಿಲ್ಲ. ಒಳಗೆ ಯಾರೂ ಕೈ ಹಾಕಿಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. ಆರೂ ಚೇಂಬರ್ ಸಮಯಕ್ಕೆ ಕೂರುತ್ತಿದ್ದವು. ಸಂದು 0.15 ಮಿಲಿಮೀಟರ್. ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿದೆ, ಎಲ್ಲೂ ಕಪ್ಪು ಉಂಗುರ ಇರಲಿಲ್ಲ. ಅಂಥ ಉಂಗುರ ಕಂಡರೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹೊಡೆದು ಬ್ಯಾರೆಲ್ ಉಬ್ಬಿದೆ ಅಂತ ಅರ್ಥ. ಒಂದು ಖಾಲಿ .357 ಕೇಸನ್ನೂ ಜೊತೆಗೆ ಒಯ್ದಿದ್ದೆ. ಅದು ಯಾವ ಚೇಂಬರ್‌ನಲ್ಲೂ ಪೂರ್ತಿ ಇಳಿಯಲಿಲ್ಲ. ಇಳಿದಿದ್ದರೆ ಯಾರೋ ಚೇಂಬರ್ ಕೊರೆದು ಮ್ಯಾಗ್ನಂ ಮಾಡಲು ಹೋಗಿದ್ದಾರೆ ಅಂತ ತಿಳಿಯುತ್ತಿತ್ತು.

ಮುಂದಿನ ಸೈಟ್ ನೆಟ್ಟಗಿದೆಯಾ ಅನ್ನುವುದನ್ನು ಹಿಂದಿನಿಂದ ಬಹಳ ಹೊತ್ತು ನೋಡಿದೆ. ಇದರಲ್ಲಿ ಸೈಟ್ ತಿರುಗಿಸಿ ಸರಿಮಾಡುವ ವ್ಯವಸ್ಥೆ ಇಲ್ಲ. ಬ್ಯಾರೆಲ್ ಒಂಚೂರು ವಾಲಿದ್ದರೆ ಗುಂಡು ಪಕ್ಕಕ್ಕೆ ಹೋಗುತ್ತದೆ, ಅದನ್ನು ನೇರ ಮಾಡಿಸುವುದಕ್ಕೆ ಮತ್ತೆ ದುಡ್ಡು.

ಮನೆಗೆ ತಂದ ಮೇಲೆ ಹಿಡಿಕೆ ಬಿಚ್ಚಿ, ಪಕ್ಕದ ಪ್ಲೇಟ್ ತೆಗೆದು ತೊಳೆದೆ. ಆ ಪ್ಲೇಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಎಬ್ಬಿಸಬಾರದು. ಸ್ಕ್ರೂಗಳನ್ನು ತೆಗೆದು, ಹಿಡಿಕೆಯ ಚೌಕಟ್ಟಿಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಅದೇ ಮೇಲೆ ಬರುತ್ತದೆ. ಒಳಗೆ ಹಳೇ ಎಣ್ಣೆ ಗಟ್ಟಿಯಾಗಿ ಕಂದು ಅಂಟಾಗಿತ್ತು. ಅದು ಹೋಗಿ ಒಂದೆರಡು ಹನಿ ಹೊಸ ಎಣ್ಣೆ ಬಿದ್ದಾಗ ಟ್ರಿಗರ್ ಅರ್ಧ ಹಗುರಾದ ಹಾಗೆ ಅನ್ನಿಸಿತು. ಸ್ಪ್ರಿಂಗ್ ಯಾವುದನ್ನೂ ಬದಲಿಸಲಿಲ್ಲ. ಎಜೆಕ್ಟರ್ ರಾಡ್ ಮಾತ್ರ ಸಡಿಲವಾಗಿತ್ತು, ಬಿಗಿ ಮಾಡಿದೆ. ಇದರ ತಿರುಪು ಎಡಕ್ಕೆ ತಿರುಗಿಸಿ ಬಿಗಿ ಮಾಡುವಂಥದ್ದು, ಗೊತ್ತಿಲ್ಲದೆ ಬಲಕ್ಕೆ ತಿರುಗಿಸಿದರೆ ಇನ್ನಷ್ಟು ಸಡಿಲ.

158 ಗ್ರೇನ್ ಸೀಸದ ಗುಂಡಿಗೆ ಇದರ ಸೈಟ್ ಸರಿಯಾಗಿ ಹೊಂದಿದೆ. ಗುರಿ ಇಟ್ಟಲ್ಲೇ ಬೀಳುತ್ತದೆ. ಹಗುರ ಗುಂಡು ಹಾಕಿದರೆ ಕೆಳಗೆ ಬೀಳುತ್ತದೆ. ಒದೆತದಲ್ಲಿ ಮೂತಿ ಮೇಲೇಳುವ ಮೊದಲೇ ವೇಗದ ಗುಂಡು ಬ್ಯಾರೆಲ್ ಬಿಟ್ಟು ಹೋಗಿರುತ್ತದಲ್ಲ, ಅದಕ್ಕೆ. ಹಾಗಾಗಿ ತೆಗೆದಿಟ್ಟಿದ್ದ ತೋಟಾ ಪಾಲಿನಲ್ಲಿ 158 ಗ್ರೇನ್ ಗುಂಡುಗಳನ್ನೇ ಒಟ್ಟಿಗೆ ತಂದಿಟ್ಟುಕೊಂಡೆ. 66ರಲ್ಲಿ .38 ಹೊಡೆಯುವುದು ನಿಂತಿದ್ದರಿಂದ ಅದರ ಚೇಂಬರ್‌ಗಳಲ್ಲಿ ಗಿಡ್ಡ ಕೇಸಿನ ಮುಂದೆ ಕಟ್ಟುತ್ತಿದ್ದ ಮಸಿ ಉಂಗುರವನ್ನು ಕೆರೆಯುವ ಕೆಲಸವೂ ತಪ್ಪಿತು. ಚಕ್ಕೆ ಎದ್ದ ಹಿಡಿಕೆಯ ಜಾಗಕ್ಕೆ ಸದ್ಯಕ್ಕೆ 66ರ ಹಳೇ ರಬ್ಬರ್ ಹಿಡಿಕೆ ಹಾಕಿದ್ದೇನೆ, ಎರಡೂ ಚೌಕ ಬುಡದವು.