ಬೆನ್ನಿನ ಬಲಕ್ಕೆ ಬಾರ್ಬೆಲ್ ರೋ: ನಾನು ಮಾಡುವ ರೀತಿ

ಬೆನ್ನಿಗೆ ಒಂದೇ ಒಂದು ವ್ಯಾಯಾಮ ಇಟ್ಟುಕೋ ಅಂದರೆ ನಾನು ಬಾರ್ಬೆಲ್ ರೋ ಇಟ್ಟುಕೊಳ್ಳುತ್ತೇನೆ, ಅಂದರೆ ಮುಂದಕ್ಕೆ ಬಾಗಿ ತೂಕದ ಪ್ಲೇಟು ಹಾಕಿದ ಉದ್ದ ರಾಡನ್ನು ಎದೆಯ ಕಡೆಗೆ ಎಳೆಯುವುದು. ಅದರಲ್ಲೂ ಪೆಂಡ್ಲೇ ರೋ. ಅಮೆರಿಕದ ವೇಟ್‌ಲಿಫ್ಟಿಂಗ್ ಕೋಚ್ ಗ್ಲೆನ್ ಪೆಂಡ್ಲೇ ಅವರಿಂದ ಬಂದ ಹೆಸರು ಅದು. ಇದರಲ್ಲಿ ಪ್ರತಿ ರೆಪ್ (ಒಂದು ಸಲದ ಎಳೆತ) ಮುಗಿದಾಗಲೂ ರಾಡ್ ನೆಲಕ್ಕೆ ಇಳಿದು ನಿಲ್ಲಬೇಕು. ಮತ್ತೆ ನಿಂತಲ್ಲಿಂದಲೇ ಎಳೆಯಬೇಕು. ಹಾಗಾಗಿ ಜೋಲಿ ಹೊಡೆಯಲು ಅವಕಾಶ ಕಡಿಮೆ. ನಡುವೆ ಸೊಂಟಕ್ಕೂ ಒಂದು ಕ್ಷಣ ಬಿಡುವು ಸಿಗುತ್ತದೆ. ನನ್ನಂತೆ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಈ ಬಿಡುವು ದೊಡ್ಡದು.

ಎಳೆಯುವುದಕ್ಕಿಂತ ನಿಲ್ಲುವುದಕ್ಕೇ ನಾನು ಜಾಸ್ತಿ ಗಮನ ಕೊಡುತ್ತೇನೆ. ರಾಡ್ ಪಾದದ ನಡುಭಾಗದ ಮೇಲೆ ಬರುವಂತೆ ನಿಲ್ಲುತ್ತೇನೆ. ಮಂಡಿ ಸ್ವಲ್ಪ ಮಡಿಸಿ, ಸೊಂಟವನ್ನು ಹಿಂದಕ್ಕೆ ತಳ್ಳಿ, ಎದೆ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ ಆಗುವವರೆಗೆ ಬಾಗುತ್ತೇನೆ. ಬೆನ್ನು ಗೂನಾಗಬಾರದು, ನೇರವಾಗಿರಬೇಕು. ಕಣ್ಣು ಎರಡು ಹೆಜ್ಜೆ ಮುಂದಿನ ನೆಲದ ಮೇಲೆ. ಎದುರಿನ ಕನ್ನಡಿ ನೋಡಲು ಹೋದರೆ ಕತ್ತು ಸುಮ್ನೆ ಮೇಲಕ್ಕೆ ಮುರಿದಂತಾಗುತ್ತದೆ.

ಇಲ್ಲಿ ಸಣ್ಣ ಜಿಮ್‌ಗಳ ಒಂದು ತೊಡಕು ಇದೆ. ಸ್ಪರ್ಧೆಯ ದೊಡ್ಡ ರಬ್ಬರ್ ಪ್ಲೇಟಿನ ಅಗಲ 45 ಸೆಂಟಿಮೀಟರ್. ಅಂದರೆ ರಾಡ್ ನೆಲದಿಂದ 22.5 ಸೆಂಟಿಮೀಟರ್ ಎತ್ತರದಲ್ಲಿ ಇರುತ್ತದೆ. ನಮ್ಮ ಜಿಮ್ಮಿನ 5, 10 ಕಿಲೋ ಕಬ್ಬಿಣದ ಪ್ಲೇಟುಗಳು ಅದಕ್ಕಿಂತ ತುಂಬಾ ಚಿಕ್ಕವು. ಅವನ್ನು ಹಾಕಿದರೆ ರಾಡ್ ತೀರಾ ಕೆಳಗೆ ಕೂರುತ್ತದೆ. ಅದನ್ನು ಹಿಡಿಯಲು ಹೋದರೆ ಬೆನ್ನು ತಾನಾಗಿ ಬಾಗುತ್ತದೆ, ತೊಡೆಯ ಹಿಂಭಾಗ ಬಿಗಿ ಇರುವವರಿಗಂತೂ ಇನ್ನೂ ಜಾಸ್ತಿ. ಅದಕ್ಕೆ ನಾನು ಎರಡೂ ಕಡೆ ಬೇರೆ ಪ್ಲೇಟುಗಳನ್ನು ಮಲಗಿಸಿ, ಅವುಗಳ ಮೇಲೆ ರಾಡ್ ಇಟ್ಟು ಶುರು ಮಾಡುತ್ತೇನೆ.

ಹಿಡಿತ ಭುಜಕ್ಕಿಂತ ಸ್ವಲ್ಪ ಅಗಲ, ಅಂಗೈ ನನ್ನ ಕಡೆಗೆ. ಉಸಿರು ಎಳೆದು ಹೊಟ್ಟೆ ಬಿಗಿ ಮಾಡುತ್ತೇನೆ. ಮೊದಲು ರಾಡನ್ನು ಮೆಲ್ಲಗೆ ಎಳೆದು ತೋಳು ಬಿಗಿಯಾಗಿಸುತ್ತೇನೆ. ಪ್ಲೇಟಿನ ತೂತಿನಲ್ಲಿ ರಾಡ್ ಮೇಲಕ್ಕೆ ತಾಗಿ 'ಟಕ್' ಅನ್ನುತ್ತದೆ. ಆ ಸದ್ದು ಕೇಳಿದ ಮೇಲೇ ಜೋರಾಗಿ ಎಳೆಯುವುದು. ಮನಸ್ಸಿನಲ್ಲಿ ಒಂದೇ ಮಾತು: ಮೊಣಕೈ ಮೇಲಕ್ಕೆ. ಕೈಯಿಂದ ಎಳೆಯುತ್ತೇನೆ ಅಂದುಕೊಂಡರೆ ಕೆಲಸವೆಲ್ಲ ಬೈಸೆಪ್ಸಿಗೆ ಹೋಗುತ್ತದೆ. ಮೊಣಕೈ ಮೇಲೆ ಹೋದರೆ ಕಂಕುಳ ಕೆಳಗಿನ ಲ್ಯಾಟ್ಸ್, ರೆಕ್ಕೆ ಮೂಳೆಗಳ ನಡುವಿನ ಸ್ನಾಯು ಹಿಡಿದುಕೊಳ್ಳುವುದು ಗೊತ್ತಾಗುತ್ತದೆ. ರಾಡ್ ಎದೆಯ ಕೆಳಭಾಗಕ್ಕೆ ತಾಗಿ ವಾಪಸ್ ನೆಲಕ್ಕೆ.

ಖಾಲಿ ಒಲಿಂಪಿಕ್ ರಾಡೇ 20 ಕಿಲೋ ಇರುತ್ತದೆ, ಅದನ್ನು ಮರೆಯಬಾರದು. ನಾನು 5 ರೆಪ್‌ನ ಸೆಟ್ ಮಾಡುತ್ತೇನೆ, ಅಂದರೆ ಒಂದು ಸುತ್ತಿಗೆ 5 ಎಳೆತ. ಏರಿಸುವುದು ಒಂದೊಂದು ಕಡೆಗೆ 1.25 ಕಿಲೋ ಮಾತ್ರ. ಏರಿಸಬೇಕೋ ಬೇಡವೋ ಅಂತ ಹೇಳುವುದು ಪಕ್ಕದಿಂದ ತೆಗೆದ ಫೋನ್ ವಿಡಿಯೋ. ಎಳೆಯುವಾಗ ಎದೆಯೂ ರಾಡಿನ ಜೊತೆ ಮೇಲೇಳುತ್ತಿದ್ದರೆ ತೂಕ ಇಳಿಸುತ್ತೇನೆ. ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮ) ಮಾಡಿದ ಮಾರನೇ ದಿನ ರೋ ಇಟ್ಟುಕೊಳ್ಳುವುದಿಲ್ಲ, ಸೊಂಟ ಆಗಲೇ ದಣಿದಿರುತ್ತದೆ ಅಲ್ವಾ? ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ರಾಡ್ ಮೇಲಕ್ಕೆ ತಳ್ಳುವ ವ್ಯಾಯಾಮ) ದಿನ ಮಾಡಿದರೆ ಸರಿಹೋಗುತ್ತದೆ.

ಅಂಗೈ ಮುಂದಕ್ಕೆ ತಿರುಗಿಸಿ, ಎದೆ ಇನ್ನಷ್ಟು ಎತ್ತಿ ಎಳೆಯುವ ಬಗೆಯೂ ಇದೆ. 1992ರಿಂದ 1997ರವರೆಗೆ ಸತತ 6 ಸಲ ದೇಹದಾರ್ಢ್ಯ ಸ್ಪರ್ಧೆ ಮಿಸ್ಟರ್ ಒಲಿಂಪಿಯಾ ಗೆದ್ದ ಡೋರಿಯನ್ ಯೇಟ್ಸ್ ಹೆಸರಿನಿಂದ ಅದನ್ನು ಯೇಟ್ಸ್ ರೋ ಅನ್ನುತ್ತಾರೆ. ಅವರ ಎಡ ಬೈಸೆಪ್ಸ್ 1994ರಲ್ಲಿ ಹರಿದದ್ದು ಇದೇ ಹಿಡಿತದ ರೋ ಮಾಡುವಾಗ. ಹಾಗಾಗಿ ಆ ಹಿಡಿತವನ್ನು ನಾನು ಹಗುರ ತೂಕಕ್ಕೆ ಮಾತ್ರ ಬಳಸುತ್ತೇನೆ.

ಬೆನ್ನುಮೂಳೆಯ ಡಿಸ್ಕ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಅವರು ಒಪ್ಪಿದರೂ, ಓರೆ ಬೆಂಚಿನ ಮೇಲೆ ಎದೆ ಊರಿ ಡಂಬೆಲ್ ರೋ ಮಾಡುವುದರಿಂದ ಶುರು ಮಾಡಿ. ಅಲ್ಲಿ ಮೈಭಾರವನ್ನು ಬೆಂಚ್ ಹೊರುತ್ತದೆ, ಸೊಂಟದ ಮೇಲೆ ಅಷ್ಟು ಒತ್ತಡ ಬೀಳುವುದಿಲ್ಲ.